ಪ್ರದೀಪ, ಆ ಫಿಲ್ಟರ್ ಇವತ್ತೇ ತೆಗೆದು ಹೊಸದು ಹಾಕ್ಸಪ್ಪ

ಪ್ರದೀಪ, ಬೆಳಿಗ್ಗೆನೇ ನಿನ್ ಮೆಸೇಜ್ ನೋಡ್ದೆ ಕಣೋ, ತೋಟದಲ್ಲಿ ಮೋಟ್ರು ಕೆಟ್ಟು ಕೂತಿತ್ತು, ಉತ್ತರ ಕೊಡೋಕಾಗ್ಲಿಲ್ಲ. ಈಗ ಮನೆಗ್ ಬಂದು ಕಾಫಿ ಕುಡ್ಕೊಂಡು ಕೂತಿದೀನಿ, ಮಾತಾಡಿದಂಗೇ ಬರೀತಾ ಹೋಗ್ತೀನಿ, ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡ.

ಕಾರ್ ಸರ್ವೀಸಲ್ಲಿ ಏರ್ ಫಿಲ್ಟರ್, ಅಂದ್ರೆ ಇಂಜಿನ್‌ಗೆ ಹೋಗೋ ಗಾಳಿ ಸೋಸೋ ಮಡಿಕೆ ಪೇಪರ್, ಹೋಗಿದೆ ಬದಲಾಯಿಸ್ಬೇಕು ಅಂದ್ರು, ಬಿಲ್ ಏರ್ಸೋಕೆ ಹೇಳ್ತಾರೆ ಅಂತ ಬೇಡ ಅಂದೆ, ಬರ್ತಾ ಪಂಚರ್ ಅಂಗಡೀಲಿ ಗಾಳಿ ಹೊಡ್ಸಿ ಅದನ್ನೇ ವಾಪಸ್ ಹಾಕ್ಸ್ದೆ, 420 ರೂಪಾಯಿ ಉಳೀತು ಅಂತ ಬರ್ದಿದೀಯ. ಬೇರೆ ಯಾರಾದ್ರೂ ಬರ್ದಿದ್ರೆ ಸುಮ್ನಿರ್ತಿದ್ದೆನೋ ಏನೋ, ಆದ್ರೆ ನೀನು ದಿನಾ ಓಡ್ಸೋದು ಅದಿರು ಲಾರಿ ಧೂಳೆಬ್ಬಿಸೋ ತೋರಣಗಲ್ಲು ಸಂಡೂರು ರೋಡಲ್ಲಿ, ಅದೇ ರೋಡಲ್ಲಿ ಅದೇ ಕೆಲಸ ಮಾಡಿ ನಾನು ಒಂದು ಇಂಜಿನ್ ಕಳ್ಕೊಂಡಿದೀನಿ.

ನಿಂಗೆ ನೆನಪಿರುತ್ತೆ, ನಮ್ಮನೇಲಿ ಬಿಳಿ ಡೀಸೆಲ್ ಕಾರ್ ಇತ್ತಲ್ಲ, ನಿಮ್ಮಕ್ಕನ ಮದುವೆಗೆ ಹೂವಿನ ಅಲಂಕಾರ ಮಾಡಿದ್ದು, ಅದೇ. ಆಗ ನಾನು ಕಾಂಟ್ರಾಕ್ಟ್ ಕೆಲಸಕ್ಕೆ ವಾರಕ್ಕೆ ಮೂರ್ ದಿನ ಸಂಡೂರು ಕಡೆ ಓಡಾಡ್ತಿದ್ದೆ, ಅದಿರು ಲಾರಿ ಹಿಂದೆ ಹೋದ್ರೆ ಮುಂದೆ ಏನೂ ಕಾಣ್ತಿರ್ಲಿಲ್ಲ, ಬಿಳಿ ಕಾರು ಸಾಯಂಕಾಲಕ್ಕೆ ಇಟ್ಟಿಗೆ ಬಣ್ಣ. ಪ್ರತಿ ಸರ್ವೀಸಲ್ಲೂ ಮೆಕ್ಯಾನಿಕ್ಕು ಫಿಲ್ಟರ್ ಆಚೆ ತೆಗೆದು, ನೆಲಕ್ಕೆ ಎರಡ್ ಸಲ ಬಡಿದು, ಕಂಪ್ರೆಸರ್ ಪೈಪ್ ಹತ್ರ ಹಿಡ್ದು ಜೋರಾಗಿ ಗಾಳಿ ಹೊಡ್ದು ಹಾಕ್ತಿದ್ದ, ನಾನೂ ಕ್ಲೀನ್ ಆಯ್ತಲ್ಲ ಅಂತ ಸುಮ್ನಿದ್ದೆ. ಆಮೇಲಾಮೇಲೆ ಆಯಿಲ್ ಕಮ್ಮಿ ಆಗೋಕ್ ಶುರುವಾಯ್ತು, ನೆಲದ ಮೇಲೆ ಒಂದ್ ಹನಿ ಲೀಕಿಲ್ಲ, ಆದ್ರೆ ಎರಡು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಹಾಕ್ಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ. ಚಿತ್ರದುರ್ಗದಲ್ಲಿ ಒಬ್ರು ವಯಸ್ಸಾದ ಮೇಸ್ತ್ರಿ ಇದ್ರು, ಅವ್ರ ಹತ್ರ ತಗೊಂಡ್ ಹೋದೆ. ಅವ್ರು ಇಂಜಿನ್ ಮುಟ್ಲೇ ಇಲ್ಲ, ಮೊದ್ಲು ಫಿಲ್ಟರ್ ಡಬ್ಬಿಯಿಂದ ಇಂಜಿನ್ ಕಡೆ ಹೋಗೋ ರಬ್ಬರ್ ಪೈಪ್ ಬಿಚ್ಚಿ, ನಿಮ್ ಬೆರಳು ಒಳಗ್ ಹಾಕಿ ಸಾರ್ ಅಂದ್ರು. ಹಾಕಿ ಒಂದ್ ಸುತ್ತು ತಿರುಗ್ಸಿ ತೆಗೆದ್ರೆ ಬೆರಳ ತುದಿ ಕುಂಕುಮ ಮುಟ್ಟಿದಂಗೆ ಕೆಂಪಗಾಗಿತ್ತು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು, ಅಲ್ಲಿ ಧೂಳು ಇರ್ಲೇಬಾರ್ದು. ಆಮೇಲೆ ಆ ಫಿಲ್ಟರನ್ನ ಬಿಸಿಲಿಗೆ ಹಿಡ್ದು ಮಡಿಕೆ ಬಿಡಿಸಿ ತೋರ್ಸಿದ್ರು, ಒಂದು ಮಡಿಕೆ ಬುಡದಲ್ಲಿ ಉಗುರಿನಷ್ಟುದ್ದ ಪೇಪರ್ ಸೀಳಿ ಬೆಳಕು ಬರ್ತಿತ್ತು. ಗಾಳಿ ಹೊಡ್ದು ಹೊಡ್ದು ಹರಿದಿದ್ದು ಅದು. ಇಂಜಿನ್ ಇಳಿಸಿ ರಿಂಗು, ಬೋರು ಎಲ್ಲಾ ಮಾಡ್ಸೋ ಅಷ್ಟೊತ್ತಿಗೆ 58 ಸಾವಿರ ಆಯ್ತು, ಕಾರು ಒಂದು ತಿಂಗ್ಳು ಶೆಡ್ಡಲ್ಲೇ ನಿಂತಿತ್ತು.

ಇಷ್ಟು ಸಣ್ಣ ಧೂಳು ಇಂಜಿನ್‌ಗೆ ಏನ್ ಮಾಡುತ್ತೆ ಅಂತ ನಿಂಗೆ ಅನ್ನಿಸ್ಬೋದು, ನಂಗೂ ಹಂಗೇ ಅನ್ಸಿತ್ತು. ನೋಡು, ಇಂಜಿನ್ ಪೆಟ್ರೋಲ್ ಕುಡಿಯೋದಕ್ಕಿಂತ ಗಾಳಿ ಕುಡಿಯೋದೇ ಜಾಸ್ತಿ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಲೆಕ್ಕ ಹಾಕಿದ್ರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ 9 ಸಾವಿರ ಲೀಟರ್ ಗಾಳಿ, ಅಂದ್ರೆ ನಮ್ಮನೆ ತಾರಸಿ ಮೇಲಿರೋ ಸಾವಿರ ಲೀಟರಿನ ಟ್ಯಾಂಕ್ ಥರದ್ದು ಒಂಬತ್ತು. ನೀನು 35 ಲೀಟರ್ ಫುಲ್ ಟ್ಯಾಂಕ್ ಹಾಕಿಸ್ಕೊಂಡು ಓಡ್ಸಿ ಮುಗಿಸೋ ಅಷ್ಟೊತ್ತಿಗೆ 3 ಲಕ್ಷ ಲೀಟರಿಗೂ ಮೇಲೆ ಗಾಳಿ ಒಳಗ್ ಹೋಗಿರುತ್ತೆ, ಅದೂ ಆ ರೋಡಿನ ಗಾಳಿ. ಅಷ್ಟಕ್ಕೂ ಅಡ್ಡ ಇರೋದು ಆ ಒಂದು ಮಡಿಕೆ ಪೇಪರ್ ಮಾತ್ರ.

ಇನ್ನ ಧೂಳು ಅಂದ್ರೆ ಬರೀ ಮಣ್ಣಲ್ಲ, ಅದ್ರಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತೆ, ಅದಿರಿನ ಪುಡಿ ಇರುತ್ತೆ, ಬೆಣಚುಕಲ್ಲು ಇಂಜಿನ್ ಒಳಗಿನ ಕಬ್ಬಿಣಕ್ಕಿಂತ ಗಟ್ಟಿ. ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರಲ್ಲಿ ಸಾವಿರದ ಒಂದು ಪಾಲು, ತಲೆಕೂದ್ಲು ಸುಮಾರು 70 ಮೈಕ್ರಾನ್ ದಪ್ಪ ಅಂತಿಟ್ಕೋ, ಇಂಜಿನ್ ಸವೆಸೋ ಧೂಳಿನ ಕಣ 10, 20 ಮೈಕ್ರಾನ್, ಕಣ್ಣಿಗೇ ಕಾಣಲ್ಲ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ಮಧ್ಯೆ ಆಯಿಲ್ ಪದರ ಇರುತ್ತಲ್ಲ, ಅದು ಕೆಲವೇ ಮೈಕ್ರಾನ್, ಈ ಕಣ ಆ ಆಯಿಲಿಗೆ ಸೇರಿದ್ರೆ ಆಯಿಲ್ಲೇ ಕಬ್ಬಿಣ ಉಜ್ಜೋ ಎಮರಿ ಪೇಸ್ಟ್ ಆಗುತ್ತೆ, ನಿಮಿಷಕ್ಕೆ ಸಾವಿರಾರು ಸಲ ಉಜ್ಜುತ್ತೆ. ಡೀಸೆಲ್ ಗಾಡಿ ಆದ್ರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೋ ರೆಕ್ಕೆನೂ ತಿನ್ನುತ್ತೆ. ಒಂದೇ ದಿನದಲ್ಲಿ ಗೊತ್ತಾಗಲ್ಲ, ಗೊತ್ತಾಗೋ ಅಷ್ಟೊತ್ತಿಗೆ ರಿಪೇರಿ ಬಿಟ್ಟು ಬೇರೆ ದಾರಿ ಇರಲ್ಲ.

ಮೈಲೇಜ್ ಏನೂ ಕಮ್ಮಿ ಆಗಿಲ್ವಲ್ಲ ಮಾಮ ಅಂತ ಕೇಳಿದೀಯ. ಆಗಲ್ಲಪ್ಪ, ಅದನ್ನ ನಂಬ್ಕೊಂಡ್ ಕೂರಬೇಡ. ಹಳೇ ಕಾರ್ಬುರೇಟರ್ ಗಾಡೀಲಿ ಫಿಲ್ಟರ್ ಕಟ್ಕೊಂಡ್ರೆ ಪೆಟ್ರೋಲ್ ಜಾಸ್ತಿ ಎಳೀತಿತ್ತು, ಕಪ್ಪು ಹೊಗೆ ಬರ್ತಿತ್ತು, ಅದಕ್ಕೇ ಎಲ್ರೂ ಇನ್ನೂ ಮೈಲೇಜ್ ಮೈಲೇಜ್ ಅಂತಾರೆ. ನಿನ್ ಕಾರಲ್ಲಿ ಸೆನ್ಸರ್ ಇದೆ, ಬರೋ ಗಾಳಿ ಎಷ್ಟು ಅಂತ ನೋಡ್ಕೊಂಡು ಕಂಪ್ಯೂಟರ್ರು ಅಷ್ಟಕ್ಕೇ ಪೆಟ್ರೋಲ್ ಬಿಡುತ್ತೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವ್ರು 2009ರಲ್ಲಿ ಇದನ್ನೇ ಟೆಸ್ಟ್ ಮಾಡಿ ನೋಡಿದಾರೆ, ಹೊಸ ಥರದ ಪೆಟ್ರೋಲ್ ಕಾರಲ್ಲಿ ಕಟ್ಕೊಂಡಿರೋ ಫಿಲ್ಟರ್ ಬದಲಾಯಿಸಿದ್ರೆ ಮೈಲೇಜಲ್ಲಿ ಫರಕ್ ಬರ್ಲಿಲ್ಲ, ಪಿಕಪ್ಪಲ್ಲಿ ಮಾತ್ರ ಶೇಕಡಾ 6ರಿಂದ 11ರಷ್ಟು ಫರಕ್ ಬಂತು. ನೀನು ಓವರ್‌ಟೇಕ್ ಮಾಡುವಾಗ ಗಾಡಿ ಎಳೀತಿಲ್ಲ ಅಂತ ಹೋದ್ ತಿಂಗ್ಳು ಹೇಳ್ತಿದ್ಯಲ್ಲ, ಒಂದು ಕಾರಣ ಇದೂ ಇರ್ಬೋದು. ಲಾರಿ ದಾಟುವಾಗ ಗಾಡಿ ಕೈ ಕೊಟ್ರೆ ಏನ್ ಗತಿ ಹೇಳು.

ಭಾವ, ನೀವು ಪ್ರದೀಪನ ಮೆಸೇಜ್ ಕೆಳಗೆ ಬರ್ದಿದೀರಲ್ಲ, ನಮ್ ಕಾಲದಲ್ಲಿ ಇದೆಲ್ಲಾ ಯಾರ್ ನೋಡ್ತಿದ್ರು ಅಂತ. ನೀವೇ ನೋಡ್ತಿದ್ರಿ ಭಾವ! ಊರಲ್ಲಿ ಹಳೇ ಟ್ರ್ಯಾಕ್ಟರಿಗೆ ಆಯಿಲ್ ಬಾತ್ ಫಿಲ್ಟರ್ ಇತ್ತಲ್ಲ, ಕೆಳಗಿನ ಬಟ್ಲಲ್ಲಿ ಆಯಿಲ್ ಇರ್ತಿತ್ತು, ಗಾಳಿ ಅದಕ್ಕೆ ತಾಗಿ ಹೋಗುವಾಗ ಧೂಳು ಅಲ್ಲೇ ಅಂಟ್ಕೊಳ್ತಿತ್ತು. ಉಳುಮೆ ಶುರುವಾದ್ರೆ ನೀವು ಆ ಬಟ್ಲು ಬಿಚ್ಚಿ ತಳದಲ್ಲಿ ಕೂತಿರೋ ರಾಡಿ ಚೆಲ್ಲಿ, ಡೀಸೆಲಲ್ಲಿ ತೊಳೆದು, ಗೆರೆ ನೋಡ್ಕೊಂಡು ಹೊಸ ಆಯಿಲ್ ಹಾಕ್ತಿದ್ರಿ, ನಾನು ಪಕ್ಕದಲ್ಲಿ ಡಬ್ಬ ಹಿಡ್ಕೊಂಡ್ ನಿಂತಿರ್ತಿದ್ದೆ. ಕಾರಿಂದೂ ಅದೇ ಕೆಲಸ, ಪೇಪರ್ ಆಗಿರೋದ್ರಿಂದ ತೊಳಿಯಂಗಿಲ್ಲ, ಬದಲಾಯಿಸ್ಬೇಕು.

ಗಾಳಿ ಹೊಡೀಲೇಬಾರ್ದಾ ಅಂದ್ರೆ, ಕೆಲವು ಕಂಪನಿಯವ್ರು ಒಳಗಿಂದ ಹೊರಕ್ಕೆ, ಅಂದ್ರೆ ಇಂಜಿನ್ ಕಡೆಯಿಂದ, ದೂರ ಹಿಡ್ದು ಮೆಲ್ಲಗೆ ಹೊಡೀಬೋದು ಅಂತಾರೆ, ಸರಿ. ಆದ್ರೆ ಪಂಚರ್ ಅಂಗಡಿ ಕಂಪ್ರೆಸರ್ ಒತ್ತಡ ನೂರು ಪಿಎಸ್ಐ ಮೇಲಿರುತ್ತೆ, ಅದನ್ನ ಹತ್ರ ಹಿಡ್ದ್ರೆ ಪೇಪರ್ ಸೀಳುತ್ತೆ, ಉಲ್ಟಾ ಕಡೆಯಿಂದ ಹೊಡ್ದ್ರೆ ಧೂಳು ಇನ್ನೂ ಒಳಗ್ ಕೂತ್ಕೊಳುತ್ತೆ. ಹೋಗಿದೆ ಅಂತ ಒಂದ್ ಸಲ ಗೊತ್ತಾದ್ಮೇಲೆ ಮತ್ತೆ ಹಾಕೋದಂತೂ ಬೇಡ್ವೇ ಬೇಡ. ಹಂಗಂತ ವಾರವಾರ ಬಿಚ್ಚಿ ನೋಡೋದೂ ತಪ್ಪು, ಬಿಚ್ಚಿದಾಗೆಲ್ಲಾ ಒಂಚೂರು ಧೂಳು ಒಳಗ್ ಬೀಳುತ್ತೆ. ಇನ್ನೊಂದ್ ವಿಷ್ಯ, ಸ್ವಲ್ಪ ಧೂಳು ಹಿಡ್ದಿರೋ ಫಿಲ್ಟರ್ರು ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ, ಹಂಗಾಗಿ ಬೂದು ಬಣ್ಣ ಆದ ತಕ್ಷಣ ಗಾಬರಿ ಬೇಡ. ಮ್ಯಾನ್ಯುಯಲ್ ತೆಗೆದು ನೋಡು, ಎಷ್ಟು ಕಿಲೋಮೀಟರಿಗೆ ಅಂತ ಇರುತ್ತೆ, ಧೂಳಿನ ರಸ್ತೆಗೆ ಬೇರೆನೇ ಬರ್ದಿರ್ತಾರೆ, ನೀನು ನೋಡ್ಬೇಕಾಗಿರೋದು ಅದನ್ನ.

ಕವಿತಾ, ನೀನ್ ಕೇಳಿದ್ದು ಎಸಿ ಫಿಲ್ಟರ್ ಕಣಮ್ಮ, ಅದು ಹೆಚ್ಚಿನ ಕಾರಲ್ಲಿ ಡ್ಯಾಶ್‌ಬೋರ್ಡ್ ಡ್ರಾಯರ್ ಹಿಂದೆ ಇರುತ್ತೆ, ನಾವು ಉಸಿರಾಡೋ ಗಾಳಿಗೆ, ಇದು ಬಾನೆಟ್ ಒಳಗಿಂದು, ಎರಡೂ ಬೇರೆ.

ಪ್ರದೀಪ, ಈಗ ಇಷ್ಟ್ ಮಾಡು. ಒಳ್ಳೆ ಕಂಪನಿ ಫಿಲ್ಟರ್ ತಗೋ, ತೀರಾ ಕಮ್ಮಿಗೆ ಸಿಗೋ ಡೂಪ್ಲಿಕೇಟ್ ಬೇಡ, ಅಂಚಿನ ರಬ್ಬರ್ ಸರಿಯಾಗಿ ಕೂರ್ಲಿಲ್ಲ ಅಂದ್ರೆ ಧೂಳು ಪಕ್ಕದಿಂದ್ಲೇ ನುಗ್ಗುತ್ತೆ. ಇಂಜಿನ್ ತಣ್ಣಗಾದ್ಮೇಲೆ ಕರೀ ಡಬ್ಬಿ ಕ್ಲಿಪ್ ತೆಗಿ, ಹಳೇದನ್ನ ಅಲ್ಲಾಡಿಸ್ದೆ ನೇರಕ್ಕೆ ಎತ್ತು, ಡಬ್ಬಿ ತಳದಲ್ಲಿ ಎಲೆ, ಹುಳ, ಕೆಲವು ಸಲ ಇಲಿ ತಂದಿಟ್ಟ ಹತ್ತಿ ಕೂಡ ಇರುತ್ತೆ, ಒದ್ದೆ ಬಟ್ಟೇಲಿ ಒರೆಸು, ಆಮೇಲೆ ಹೊಸದು ಇಟ್ಟು ಕ್ಲಿಪ್ ಅಷ್ಟೂ ಟಕ್ ಅನ್ನೋವರ್ಗೂ ಒತ್ತು, ಒಂದು ಕ್ಲಿಪ್ ಮುರಿದಿದ್ರೂ ವೈರ್ ಕಟ್ಟಿ ಬಿಡಬೇಡ. ಆದ್ರೆ ಹೊಸದು ಹಾಕೋ ಮುಂಚೆ ಆ ರಬ್ಬರ್ ಪೈಪ್ ಒಳಗೆ ಬೆರಳು ಹಾಕಿ ನೋಡು, ಹಳೇ ಫಿಲ್ಟರ್ ಬಿಸಿಲಿಗ್ ಹಿಡ್ದು ಒಂದೊಂದೇ ಮಡಿಕೆ ನೋಡು, ಆಯಿಲ್ ಕಡ್ಡಿ ಎಳೆದು ಎಲ್ಲಿವರ್ಗೂ ಇದೆ ನೋಡು, ಮೂರದ್ದೂ ಫೋಟೋ ತೆಗೆದು ರಾತ್ರಿ ನಂಗೆ ಕಳ್ಸು. ಬೆರಳು ಕ್ಲೀನಾಗಿದ್ರೆ ನಿಶ್ಚಿಂತೆ, ಕೆಂಪಾಗಿದ್ರೆ ಗಾಡಿ ಓಡಿಸ್ಬೇಡ, ನಂಗೆ ಫೋನ್ ಮಾಡು, ನಾಳೆ ಬೆಳಿಗ್ಗೆ ನಾನೇ ಬರ್ತೀನಿ.