ಅಪ್ಪ ಸ್ಪೇಸ್ ಮೌಂಟನ್ ಹತ್ತಿದ್ದರೋ ಇಲ್ಲವೋ?

ಮನೆಯ ಚಿಕ್ಕವಳು ಕೇಳಿದ್ದು:

ನಮ್ಮ ಮನೆಯಲ್ಲಿ ಒಂದು ಜಗಳ ವರ್ಷಗಳಿಂದ ಎಳೆದಾಡುತ್ತಿದೆ. ನೀವಾದರೂ ಬಗೆಹರಿಸಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ನಾಲ್ವರೂ ಫ್ಲೋರಿಡಾದಲ್ಲಿರುವ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿದ್ದೆವು. ನನಗೆ ಆಗ ಐದು ವರ್ಷ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಜಗಳ ಇರುವುದು ಸ್ಪೇಸ್ ಮೌಂಟನ್ ಬಗ್ಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೊಡ್ಡ ಬಿಳಿ ಶಂಕುವಿನ ಥರದ ಕಟ್ಟಡ, ಅದರೊಳಗೆ ಕತ್ತಲಲ್ಲಿ ಓಡುವ ರೋಲರ್ ಕೋಸ್ಟರ್.

ಅಣ್ಣನ ಕಥೆ ಹೀಗಿದೆ. ಅಪ್ಪ ಅವನ ಪಕ್ಕದಲ್ಲೇ ಕೂತಿದ್ದರು. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮೊದಲ ತಿರುವಿನಲ್ಲೇ ಅವನಿಗಿಂತ ಜೋರಾಗಿ ಕಿರುಚಿದರು. ಈ ಕಥೆಯನ್ನು ಅವನು ಮದುವೆ ಮನೆಗಳಲ್ಲಿ ಹೇಳುತ್ತಾನೆ, ಆಫೀಸಿನಲ್ಲಿ ಹೇಳುತ್ತಾನೆ, ಈಗ ಅವನ ಮಗನಿಗೂ ಹೇಳಿಕೊಟ್ಟಿದ್ದಾನೆ. ಕಿರುಚುವ ಭಾಗವನ್ನು ಮಗನೇ ಮಾಡಿ ತೋರಿಸುತ್ತಾನೆ.

ನನಗೆ ನೆನಪಿರುವುದೇ ಬೇರೆ. ಬಾಗಿಲ ಹತ್ತಿರ ಎತ್ತರ ಅಳೆಯುವ ಕೋಲು ಇತ್ತು. ಅಲ್ಲಿದ್ದ ಹುಡುಗಿ ನನ್ನ ತಲೆ ನೋಡಿದಳು, ಕೋಲು ನೋಡಿದಳು, ಪಾಪ ಅವಳಿಗೇ ಬೇಜಾರಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಪ್ಪ ನನ್ನನ್ನು ಎತ್ತಿಕೊಂಡು ಹೊರಗೆ ಬಂದರು. ಆಮೇಲೆ ಅಣ್ಣ ಬರುವವರೆಗೂ ಅಪ್ಪ ನನ್ನ ಜೊತೆಯಲ್ಲೇ ಇದ್ದರು. ಹಾಗಿದ್ದ ಮೇಲೆ ಅವನ ಪಕ್ಕ ಕೂತವರು ಯಾರು?

ನನ್ನ ಕಥೆಯಲ್ಲೂ ಒಂದು ತೂತಿದೆ, ಒಪ್ಪುತ್ತೇನೆ. ಅದೇ ದಿನ ಅಪ್ಪನಿಗೆ ಒರಗಿ ಕತ್ತಲಲ್ಲಿ ಕೂತ ನೆನಪು ನನಗಿದೆ. ಸುತ್ತ ಚುಕ್ಕಿ ಚುಕ್ಕಿ ಬೆಳಕು. ಎಲ್ಲೋ ಜನ ಕಿರುಚುತ್ತಿದ್ದಾರೆ. ಅಣ್ಣ ಇದನ್ನು ಕೇಳಿದರೆ ಬಿದ್ದು ಬಿದ್ದು ನಗುತ್ತಾನೆ. "ಎತ್ತರ ಸಾಲದೆ ಆಚೆ ಹಾಕಿಸಿಕೊಂಡವಳು ಒಳಗಿನ ನಕ್ಷತ್ರ ಹೇಗೆ ನೋಡಿದೆ?" ಅಂತಾನೆ.

ಅಪ್ಪನನ್ನು ಕೇಳಿದರೆ ಪ್ರಯೋಜನವಿಲ್ಲ. ಅಣ್ಣ ಕೇಳಿದರೆ "ಹೌದಪ್ಪಾ, ಕಿರುಚಿದ್ದೆ" ಅಂತಾರೆ. ನಾನು ಕೇಳಿದರೆ "ನಿನ್ನ ಬಿಟ್ಟು ನಾನೆಲ್ಲಿ ಹೋಗ್ತೀನಿ ಪುಟ್ಟಿ" ಅಂತಾರೆ. ನಿವೃತ್ತಿಯ ನಂತರ ಇನ್ನೂ ರಾಜತಾಂತ್ರಿಕರಾಗಿದ್ದಾರೆ.

ಈಗ ಅವರ ಹುಟ್ಟುಹಬ್ಬಕ್ಕೆ ಆಲ್ಬಂ ಮಾಡುತ್ತಿದ್ದೇನೆ. ಆ ಕಟ್ಟಡದ ಮುಂದೆ ನಾನೂ ಅಣ್ಣನೂ ನಿಂತಿರುವ ಒಂದೇ ಒಂದು ಫೋಟೋ ಇದೆ. ಅವನು ನಾಲಿಗೆ ಚಾಚಿದ್ದಾನೆ, ನನ್ನ ಕಣ್ಣು ಊದಿಕೊಂಡಿದೆ, ಅಂಚಿನಲ್ಲಿ ಅಪ್ಪನ ಅರ್ಧ ಕೈ. ಅದರ ಕೆಳಗೆ ಏನು ಬರೆಯಲಿ? ನಿಮ್ಮ ಮನೆಗಳಲ್ಲೂ ಹೀಗೆ ಒಂದೇ ಪ್ರವಾಸಕ್ಕೆ ಎರಡು ಕಥೆ ಇವೆಯಾ?

---

ಹಳೇ ನಕ್ಷೆ ಉತ್ತರಿಸಿದ್ದು:

ನನಗೆ ಪಾರ್ಕುಗಳ ಹಳೆಯ ನಕ್ಷೆ ಕೂಡಿಡುವ ಹುಚ್ಚು. ಹಾಗಾಗಿ ಇಂಥ ಪ್ರಶ್ನೆ ಕಂಡರೆ ಕೈ ಕಟ್ಟಿ ಕೂರಲು ಆಗುವುದಿಲ್ಲ.

ಮೊದಲು ನಿಮ್ಮ ಅಣ್ಣನಿಗೆ ಕೆಟ್ಟ ಸುದ್ದಿ. ಫ್ಲೋರಿಡಾದ ಸ್ಪೇಸ್ ಮೌಂಟನ್‌ನಲ್ಲಿ ಪಕ್ಕದ ಸೀಟು ಅಂತ ಒಂದಿಲ್ಲ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಕೂರಬೇಕು. ಜೋಡಿಯಾಗಿ ಕೂರುವುದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿರುವ ಸ್ಪೇಸ್ ಮೌಂಟನ್‌ನಲ್ಲಿ. ಹೆಸರು ಒಂದೇ, ಎರಡೂ ಬೇರೆ ಬೇರೆ. ಫ್ಲೋರಿಡಾದ್ದು 1975ರಲ್ಲಿ ಶುರುವಾಯಿತು, ಕ್ಯಾಲಿಫೋರ್ನಿಯಾದ್ದು 1977ರಲ್ಲಿ. ನಿಮ್ಮ ಅಣ್ಣ ಆಮೇಲೆ ಯಾವಾಗಲಾದರೂ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರಾ, ಕೇಳಿ ನೋಡಿ. ಎರಡು ನೆನಪು ಒಂದರೊಳಗೊಂದು ಕಲಸಿಹೋಗಿರಬಹುದು.

ಈಗ ನಿಮಗೆ ಒಳ್ಳೆಯ ಸುದ್ದಿ. ನೀವು ನಕ್ಷತ್ರ ನೋಡಿರಬಹುದು! ಸ್ಪೇಸ್ ಮೌಂಟನ್ ಇರುವ ಟುಮಾರೋಲ್ಯಾಂಡ್ ಅನ್ನುವ ಭಾಗದಲ್ಲೇ ಪೀಪಲ್‌ಮೂವರ್ ಅಂತ ಒಂದಿದೆ. ಎತ್ತರದ ಹಳಿಯ ಮೇಲೆ ನಿಧಾನಕ್ಕೆ ಸಾಗುವ ಸಣ್ಣ ಬಂಡಿಗಳು. ಅದಕ್ಕೆ ಎತ್ತರದ ನಿಯಮ ಇಲ್ಲ, ಕೈಗೂಸನ್ನೂ ಕೂರಿಸಿಕೊಂಡು ಹೋಗಬಹುದು. ಅದರ ಹಾದಿ ಸ್ಪೇಸ್ ಮೌಂಟನ್ ಕಟ್ಟಡದ ಹೊಟ್ಟೆಯೊಳಗೇ ಹೋಗುತ್ತದೆ. ಒಳಗೆ ಕತ್ತಲು. ಕೋಸ್ಟರ್ ಸದ್ದು, ಜನರ ಕಿರುಚಾಟ ಎಲ್ಲ ಕೇಳಿಸುತ್ತದೆ. ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ನಿಂತ ಅಪ್ಪ ಏನು ಮಾಡುತ್ತಾರೆ? ಎದುರಿಗೇ ಕಾಣುವ, ಸಾಲು ಚಿಕ್ಕದಿರುವ, ಯಾರೂ ಬೇಡ ಅನ್ನದ ರೈಡಿಗೆ ಹತ್ತುತ್ತಾರೆ.

ಇನ್ನೊಂದು ವಿಷಯ, ಸುಮ್ನೆ ಹೇಳಬೇಕು ಅನಿಸಿತು. ಅಪ್ಪ ಕಿರುಚಿದ್ದೇ ನಿಜವಾದರೆ ಅವರನ್ನು ಆಡಿಕೊಳ್ಳಬೇಡಿ. ಆ ಕೋಸ್ಟರ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ದೊಡ್ಡ ಕೋಸ್ಟರ್‌ಗಳ ಮುಂದೆ ಅದು ಏನೂ ಅಲ್ಲ. ಆದರೆ ಮುಂದಿನ ತಿರುವು ಕಣ್ಣಿಗೆ ಕಾಣದಿದ್ದರೆ ಮೈ ಮೊದಲೇ ಸಜ್ಜಾಗುವುದಿಲ್ಲ. ಎಡಕ್ಕೋ ಬಲಕ್ಕೋ ಗೊತ್ತಾಗುವಷ್ಟರಲ್ಲಿ ಎಳೆದಿರುತ್ತದೆ. ದೊಡ್ಡವರೂ ಅಲ್ಲಿ ಕಿರುಚುತ್ತಾರೆ.

---

ಮನೆಯ ಚಿಕ್ಕವಳು:

ಪೀಪಲ್‌ಮೂವರ್! ವಿಡಿಯೋ ಹುಡುಕಿ ನೋಡಿದೆ. ಆ ಕತ್ತಲಿಗೆ ಹೋಗುವ ಜಾಗ ಬಂದಾಗ ನನಗೆ ಮೈ ಜುಮ್ಮೆಂದಿತು. ಅಣ್ಣನಿಗೆ ಲಿಂಕ್ ಕಳಿಸಿದ್ದೇನೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.

---

ಎರಡನೇ ಬೆಂಚು ಉತ್ತರಿಸಿದ್ದು:

ಖುಷಿಪಡುವ ಮುಂಚೆ ಒಂದು ನಿಮಿಷ ತಡೆಯಿರಿ. ವಿಡಿಯೋ ನೋಡಿ ಮೈ ಜುಮ್ಮೆನ್ನುವುದು ಸಾಕ್ಷಿ ಅಲ್ಲ. ನಾನು ಮನಶ್ಶಾಸ್ತ್ರ ಪಾಠ ಮಾಡುವವಳು, ಅದಕ್ಕೆ ಈ ಅಡ್ಡಬಾಯಿ.

ನಿಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂಥ ಒಂದು ಪ್ರಯೋಗವಿದೆ. 2002ರಲ್ಲಿ ಪ್ರಕಟವಾದದ್ದು. ನೆನಪಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಎಲಿಜಬೆತ್ ಲಾಫ್ಟಸ್ ಅದರಲ್ಲಿ ಒಬ್ಬರು. ಚಿಕ್ಕಂದಿನಲ್ಲಿ ಡಿಸ್ನಿ ಪಾರ್ಕಿಗೆ ಹೋಗಿದ್ದವರಿಗೆ ಒಂದು ಜಾಹೀರಾತು ತೋರಿಸಿದರು. ಅದರಲ್ಲಿ ಬಗ್ಸ್ ಬನ್ನಿ ಅನ್ನುವ ಕಾರ್ಟೂನ್ ಮೊಲ ಇದ್ದ. ಆಮೇಲೆ ಕೇಳಿದರೆ ಕೆಲವರು "ಹೌದು, ನಾನೂ ಅಲ್ಲಿ ಬಗ್ಸ್ ಬನ್ನಿಯನ್ನು ನೋಡಿದ್ದೆ, ಕೈ ಕುಲುಕಿದ್ದೆ" ಅಂದರು. ಆದರೆ ಬಗ್ಸ್ ಬನ್ನಿ ಡಿಸ್ನಿಯವನೇ ಅಲ್ಲ, ವಾರ್ನರ್ ಬ್ರದರ್ಸ್ ಅನ್ನುವ ಬೇರೆ ಕಂಪನಿಯವನು. ಡಿಸ್ನಿಲ್ಯಾಂಡ್‌ನಲ್ಲಿ ಅವನು ಸಿಗುವ ಮಾತೇ ಇಲ್ಲ. ಆ ಜನ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಲೂ ಹಾಗೆ ನೆನಪಿತ್ತು.

ಐದು ವರ್ಷದ ಮಗುವಿನ ನೆನಪು ಉಳಿಯುವುದಿಲ್ಲ ಅಂತಲ್ಲ. ಸಾಮಾನ್ಯವಾಗಿ ನಮ್ಮೆಲ್ಲರ ಮೊದಲ ನೆನಪು ಮೂರರಿಂದ ನಾಲ್ಕು ವರ್ಷದ ಆಸುಪಾಸಿನದು. ಉಳಿಯುವುದು ಹೇಗೆ ಅನ್ನುವುದೇ ಸ್ವಾರಸ್ಯ. ದೊಡ್ಡವರು ಮಗುವಿನ ಜೊತೆ ಕೂತು "ಆಮೇಲೆ ಏನಾಯ್ತು? ಅಲ್ಲಿ ಯಾರಿದ್ದರು? ನಿನಗೆ ಏನನ್ನಿಸಿತು?" ಅಂತ ಬಿಡಿಸಿ ಬಿಡಿಸಿ ಕೇಳುತ್ತಾ ಹೋದರೆ ಆ ಮಗುವಿನ ನೆನಪು ಗಟ್ಟಿಯಾಗುತ್ತದೆ. ಜೊತೆಗೆ ಕೇಳಿದವರ ಮಾತೂ ಅದರೊಳಗೆ ಸೇರಿಕೊಳ್ಳುತ್ತದೆ. ನಿಮ್ಮ ಅಣ್ಣ ಕಥೆಯನ್ನು ಪ್ರತಿ ಸಲ ಹೇಳಿದಾಗಲೂ ಅಪ್ಪ ಇನ್ನಷ್ಟು ಹತ್ತಿರ ಸರಿದು ಕೂತಿರಬಹುದು.

ನನ್ನ ತಂಗಿಗೆ ನಮ್ಮ ಪ್ರವಾಸದಲ್ಲಿ ಆನೆ ಬಂಡಿ, ಅಂದರೆ ಡಂಬೊ ರೈಡಿನಲ್ಲಿ, ಟೋಪಿ ಕಳೆದುಕೊಂಡ ನೆನಪಿದೆ. ಟೋಪಿಯ ಬಣ್ಣ, ಅದರ ರಿಬ್ಬನ್ನು ಎಲ್ಲ ಹೇಳುತ್ತಾಳೆ. ಆ ಟೋಪಿ ಕಳೆದುಕೊಂಡವಳು ನಾನು. ಅವಳು ಆಗ ಅಮ್ಮನ ಹೊಟ್ಟೆಯಲ್ಲಿದ್ದಳು.

---

ಬ್ಯಾಗ್ ಕಾಯುವವ ಉತ್ತರಿಸಿದ್ದು:

ಎಲ್ಲರೂ ರೈಡ್ ಹತ್ತಿದವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ನಮ್ಮ ಮನೆಯ ಅಧಿಕೃತ ಬ್ಯಾಗ್ ಕಾಯುವವ. ತಿರುಗುವುದು ಯಾವುದೇ ಇರಲಿ, ಟೀ ಕಪ್ ರೈಡ್ ಆದರೂ ಸರಿ, ನನಗೆ ತಲೆ ಸುತ್ತುತ್ತದೆ. ಹೆಂಡತಿ ಮಕ್ಕಳ ಕನ್ನಡಕ, ಟೋಪಿ, ಒದ್ದೆ ಸಾಕ್ಸ್ ಎಲ್ಲ ನನ್ನ ಮಡಿಲಲ್ಲಿ. ಬೆಂಚಿನ ಮೇಲೆ ನನ್ನಂಥವರು ಸಾಲಾಗಿ ಇರುತ್ತೇವೆ. ಮಾತಾಡುವುದಿಲ್ಲ. ಒಬ್ಬರಿಗೊಬ್ಬರು ತಲೆಯಾಡಿಸುತ್ತೇವೆ.

ನಮ್ಮನ್ನು ಹಗುರವಾಗಿ ತಗೋಬೇಡಿ. ಡಿಸ್ನಿಲ್ಯಾಂಡ್ ಶುರುವಾದದ್ದು 1955ರ ಜುಲೈ 17ರಂದು. ಅದರ ಯೋಚನೆ ಬಂದದ್ದು ಇಂಥ ಒಂದು ಬೆಂಚಿನ ಮೇಲೆಯೇ. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರೂ ಮೆರ್ರಿ ಗೋ ರೌಂಡ್ ಸುತ್ತುತ್ತಿದ್ದಾಗ ವಾಲ್ಟ್ ಡಿಸ್ನಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರಂತೆ. ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಆಡುವ ಜಾಗ ಯಾಕಿರಬಾರದು ಅಂತ ಆಗ ಅನಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಷ್ಟೆಲ್ಲ ಕಟ್ಟಿದ ಮೇಲೂ ನಾನು ಬೆಂಚಿನಲ್ಲೇ ಇದ್ದೇನೆ, ಅದು ಬೇರೆ ಮಾತು.

ಈಗ ನಿಮ್ಮ ಕೇಸಿಗೆ ಬರುತ್ತೇನೆ. ರೈಡರ್ ಸ್ವಿಚ್ ಗೊತ್ತಲ್ವಾ? ಕೆಲವು ಪಾರ್ಕುಗಳಲ್ಲಿ ಚೈಲ್ಡ್ ಸ್ವಾಪ್ ಅಂತಾರೆ. ಎತ್ತರ ಸಾಲದ ಮಗು ಇದ್ದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಹೊರಗೆ ನಿಲ್ಲಬಹುದು. ಮೊದಲನೆಯವರು ರೈಡ್ ಮುಗಿಸಿ ಬಂದ ಮೇಲೆ ಎರಡನೆಯವರು ಮತ್ತೆ ಇಡೀ ಸಾಲು ನಿಲ್ಲದೆ ಒಳಗೆ ಹೋಗಬಹುದು. ದೊಡ್ಡ ಮಗುವಿಗೆ ಇದರಿಂದ ಲಾಟರಿ. ಅಮ್ಮನ ಜೊತೆ ಒಂದು ಸಲ, ಅಪ್ಪನ ಜೊತೆ ಇನ್ನೊಂದು ಸಲ ಹೋಗಿಬರುತ್ತದೆ. ನಮ್ಮ ದೊಡ್ಡವನು ಇದಕ್ಕಾಗಿಯೇ ತಮ್ಮ ಬೇಗ ಉದ್ದ ಆಗಬಾರದು ಅಂತ ಬೇಡಿಕೊಳ್ಳುತ್ತಿದ್ದ.

ಫ್ಲೋರಿಡಾದ ಸ್ಪೇಸ್ ಮೌಂಟನ್‌ಗೆ 44 ಇಂಚು ಎತ್ತರ ಬೇಕು. ಅಂದರೆ ಸುಮಾರು 112 ಸೆಂಟಿಮೀಟರ್. ಐದು ವರ್ಷದ ಎಷ್ಟೋ ಮಕ್ಕಳಿಗೆ ಅದು ಸ್ವಲ್ಪದರಲ್ಲೇ ತಪ್ಪುತ್ತದೆ. ಹಾಗಾಗಿ ನೀವು ಅತ್ತದ್ದು ಪಕ್ಕಾ.

ನಿಮ್ಮ ಪ್ರಶ್ನೆಯಲ್ಲಿ ಅಮ್ಮ ಎಲ್ಲಿದ್ದಾರೆ? ಮೇಲಿಂದ ಕೆಳಗೆ ಎರಡು ಸಲ ಓದಿದೆ. ನಾಲ್ವರಲ್ಲಿ ಒಬ್ಬರು ಅಂದಿರಿ, ಅಷ್ಟೇ. ಅಣ್ಣ ಒಳಗಿದ್ದ, ಅಪ್ಪ ನಿಮ್ಮ ಜೊತೆ ಇದ್ದರು. ಒಂಬತ್ತು ವರ್ಷದ ಹುಡುಗನನ್ನು ಕತ್ತಲಿಗೆ ಒಬ್ಬನನ್ನೇ ಕಳಿಸಿದರಾ?

---

ನೇರ ಮಾತು ಉತ್ತರಿಸಿದ್ದು:

ಇಷ್ಟೊಂದು ತನಿಖೆ ಯಾಕೆ? ಆಲ್ಬಂನಲ್ಲಿ ಎಡಕ್ಕೆ ಅಣ್ಣನ ಕಥೆ ಬರೆಯಿರಿ, ಬಲಕ್ಕೆ ನಿಮ್ಮದು. ಮಧ್ಯೆ ಫೋಟೋ ಅಂಟಿಸಿ. ಅಪ್ಪ ಹೇಗೂ ಇಬ್ಬರಿಗೂ ಹೌದು ಅಂತಾರಲ್ಲ.

---

ಮನೆಯ ಚಿಕ್ಕವಳು:

ಬ್ಯಾಗ್ ಕಾಯುವವರೇ, ನಿಮ್ಮ ಕೊನೆಯ ಸಾಲು ಓದಿ ಫೋನ್ ಎತ್ತಿಕೊಂಡೆ. ಅಮ್ಮನನ್ನು ಮೊದಲು ಕೇಳಿದಾಗಲೆಲ್ಲ "ಬಿಸಿಲು ಜಾಸ್ತಿ ಇತ್ತು, ಕಾಲು ನೋಯ್ತಿತ್ತು" ಅಂತ ಹೇಳಿ ಮುಗಿಸುತ್ತಿದ್ದರು. ಈ ಸಲ ಪ್ರಶ್ನೆ ಬದಲಿಸಿದೆ. "ಅಮ್ಮಾ, ನೀವು ಸ್ಪೇಸ್ ಮೌಂಟನ್ ಹತ್ತಿದ್ರಾ?" ಅಂದೆ.

"ಹತ್ತದೆ? ನಿಮ್ಮಣ್ಣನ್ನ ಒಬ್ಬನೇ ಬಿಡೋಕಾಗತ್ತಾ?"

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಮೊದಲ ಸಲ ಅಣ್ಣನ ಜೊತೆ ಹೋದವರು ಅಮ್ಮ. ಅವನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಾಂಗಲ್ಯ ಹಾರಿಹೋದೀತು ಅಂತ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅಣ್ಣನ ಭುಜ ಹಿಡಿದಿದ್ದರು. ಕಿರುಚಿದ್ದೂ ಅವರೇ. "ಜೀವಮಾನದಲ್ಲಿ ಅಷ್ಟು ಜೋರಾಗಿ ಕಿರುಚಿರಲಿಲ್ಲ, ಚೆನ್ನಾಗಿತ್ತು" ಅಂದರು. ಅಮ್ಮ ಚೆನ್ನಾಗಿತ್ತು ಅಂದದ್ದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಮನೆಯಲ್ಲಿ ಅವರನ್ನು ಭಯದ ಸ್ವಭಾವ ಅಂತ ಗುರುತಿಸಿಬಿಟ್ಟಿದ್ದೇವೆ.

ಅವರು ಬಂದ ಮೇಲೆ ಅಪ್ಪನ ಸರದಿ. ಅಣ್ಣ ಅಪ್ಪನ ಜೊತೆ ಮತ್ತೊಮ್ಮೆ ಹೋದ. ಅಪ್ಪ ಒಂದು ಸದ್ದೂ ಮಾಡಲಿಲ್ಲವಂತೆ. ಇಳಿದ ಮೇಲೆ ಅರ್ಧ ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ ಅಂತ ಅಮ್ಮ ನಕ್ಕರು. ಆಗ ನಾನು ಅಮ್ಮನ ತೊಡೆಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದೆ. ಅಪ್ಪ ಹೋದದ್ದು ನನಗೆ ಗೊತ್ತಾಗದೇ ಇರಲು ಅದೇ ಕಾರಣ.

ಎರಡನೇ ಬೆಂಚು ಅವರೇ, ನಿಮ್ಮ ಎಚ್ಚರಿಕೆ ಮನಸ್ಸಿನಲ್ಲಿದೆ. ಪೀಪಲ್‌ಮೂವರ್ ಹೆಸರನ್ನು ನಾನು ಅಮ್ಮನ ಮುಂದೆ ಬಾಯಿಬಿಡಲೇ ಇಲ್ಲ. "ಅಪ್ಪ ನನ್ನನ್ನು ಹೊರಗೆ ಏನು ಮಾಡಿದರು?" ಅಂತ ಮಾತ್ರ ಕೇಳಿದೆ. "ಯಾವುದೋ ಮೆಲ್ಲಗೆ ಹೋಗೋ ರೈಲಲ್ಲಿ ಸುತ್ತಿಸಿದರಂತೆ. ನೀನು ಇಳಿಯಲ್ಲ ಅಂತ ಹಟ ಮಾಡಿ ಇನ್ನೊಂದು ಸುತ್ತು ಹೋದೆಯಂತೆ" ಅಂದರು.

ಆಲ್ಬಂನಲ್ಲಿ ಅಮ್ಮನ ಫೋಟೋ ಒಂದೂ ಇಲ್ಲ. ಕ್ಯಾಮೆರಾ ಅವರ ಕೈಯಲ್ಲಿತ್ತಲ್ಲ. ಹಾಗಾಗಿ ಆ ಪುಟದಲ್ಲಿ ಅವರು ಹೇಳಿದ್ದನ್ನೇ ಅವರ ಮಾತಿನಲ್ಲಿ ಬರೆಯುತ್ತಿದ್ದೇನೆ, ಮಾಂಗಲ್ಯ ಹಿಡಿದುಕೊಂಡದ್ದೂ ಸೇರಿ.

ಅಣ್ಣ ಇನ್ನೂ ಒಪ್ಪಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆಯಾ ಅಂತ ಕೇಳಿದರೆ "ಕೆಲಸದ ಮೇಲೆ ಹೋಗಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತಾನೆ. ಅಪ್ಪ ಹಿಂದಿನಿಂದಲೇ ಕೈ ಚಾಚಿ ಹಿಡಿದಿದ್ದರು ಅನ್ನುವುದು ಅವನ ಹೊಸ ವಾದ.

---

ಹಳೇ ನಕ್ಷೆ:

ಹಿಂದಿನಿಂದ ಭುಜ ಹಿಡಿದ ಕೈ ಅಮ್ಮನದಲ್ವಾ? ಕತ್ತಲಲ್ಲಿ ಅವನಿಗೆ ಹೇಗೆ ಗೊತ್ತಾಗಬೇಕು? ಅಣ್ಣನಿಗೆ ಇದನ್ನೊಂದು ಕೇಳಿ. ಮತ್ತೆ ಅಮ್ಮ ಮಾತಾಡುವಾಗ ರೆಕಾರ್ಡ್ ಮಾಡಿಕೊಳ್ಳಿ, ಬರೆದುಕೊಳ್ಳುವುದಕ್ಕಿಂತ ಒಳ್ಳೆಯದು.

---

ಮನೆಯ ಚಿಕ್ಕವಳು:

ಕೇಳಿದೆ. "ಅಮ್ಮನ ಬಳೆ ಸದ್ದು ಕೇಳಿಸಬೇಕಿತ್ತಲ್ಲ" ಅಂದ. ಅಮ್ಮನನ್ನು ಕಾನ್ಫರೆನ್ಸ್ ಕಾಲ್‌ಗೆ ಸೇರಿಸಿದೆವು. ಬಳೆ ಬಿಚ್ಚಿ ಅಪ್ಪನ ಜೇಬಿಗೆ ಹಾಕಿ ಹತ್ತಿದ್ದೆ ಅಂತಿದ್ದಾರೆ. ಅಪ್ಪ ಹಿಂದಿನಿಂದ "ಹೌದು ಹೌದು" ಅಂತಿದ್ದಾರೆ. ರೆಕಾರ್ಡ್ ಆಗುತ್ತಿದೆ.