ಆ್ಯಪ್ ಹ್ಯಾಂಗ್ ಆದರೂ ಫೇಲ್‌ಓವರ್ ಆಗುತ್ತಿಲ್ಲ

ಪ್ರಶ್ನೆ:
ಪೇಸ್‌ಮೇಕರ್, ಕೊರೊಸಿಂಕ್ (ಒಂದು ಸರ್ವರ್ ಕೆಟ್ಟರೆ ಕೆಲಸವನ್ನು ಇನ್ನೊಂದಕ್ಕೆ ಸಾಗಿಸುವ, ಅಂದರೆ ಫೇಲ್‌ಓವರ್ ಮಾಡುವ ಸಾಫ್ಟ್‌ವೇರ್) ಹಾಕಿದ ಎರಡು ನೋಡ್‌ಗಳ (ಸರ್ವರ್‌ಗಳ) ಕ್ಲಸ್ಟರ್. ಒಂದು ಸರ್ವರ್‌ನ ಪವರ್ ತೆಗೆದರೆ ವರ್ಚುವಲ್ ಐಪಿ (ಸರ್ವರ್‌ಗಳ ನಡುವೆ ಸಾಗಿಸಬಹುದಾದ ವಿಳಾಸ), ಆ್ಯಪ್ ಎರಡೂ ಇನ್ನೊಂದಕ್ಕೆ ಹೋಗುತ್ತವೆ. ಆದರೆ ಆ್ಯಪ್ ಮಾತ್ರ ಹ್ಯಾಂಗ್ ಆದರೆ ಏನೂ ಆಗುವುದಿಲ್ಲ. ಪೇಜ್ ಸುಮ್ನೆ ಸುತ್ತುತ್ತಿರುತ್ತದೆ, ಸ್ಟೇಟಸ್ ನೋಡಿದರೆ 'ಸ್ಟಾರ್ಟೆಡ್'. ಆ್ಯಪ್ ಅನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ರಿಸೋರ್ಸ್ ಆಗಿ, ಅಂದರೆ ಕ್ಲಸ್ಟರ್ ನೋಡಿಕೊಳ್ಳುವ ಘಟಕವಾಗಿ ಸೇರಿಸಿದ್ದೇನೆ. ಎಲ್ಲಿ ನೋಡಬೇಕು?

ಉತ್ತರ:
ತೊಂದರೆ ಆ ಸಿಸ್ಟಮ್‌ಡಿ ರಿಸೋರ್ಸ್‌ನಲ್ಲೇ ಇದೆ. ಅದರ ಮಾನಿಟರ್ (ಆಗಾಗ ನಡೆಯುವ ತಪಾಸಣೆ) 'ಯೂನಿಟ್ ಆ್ಯಕ್ಟಿವ್ ಇದೆಯಾ' ಅಂತ ಮಾತ್ರ ಕೇಳುತ್ತದೆ. ಪ್ರೋಸೆಸ್‌ಗೆ ಜೀವ ಇದ್ದರೆ ಅದಕ್ಕೆ ಸಾಕು.

ಓಸಿಎಫ್ ಏಜೆಂಟ್ (ಆ್ಯಪ್ ಅನ್ನು ಸ್ಟಾರ್ಟ್, ಸ್ಟಾಪ್, ಮಾನಿಟರ್ ಮಾಡಲು ಕ್ಲಸ್ಟರ್ ಕರೆಯುವ ಪ್ರೋಗ್ರಾಂ) ಬರೆಯಿರಿ, ಶೆಲ್ ಸ್ಕ್ರಿಪ್ಟ್ ಸಾಕು. ಮಾನಿಟರ್ ಭಾಗದಲ್ಲಿ ಕರ್ಲ್‌ನಿಂದ (ವೆಬ್ ಪೇಜ್ ತರುವ ಕಮಾಂಡ್) ಆ್ಯಪ್‌ನ ಹೆಲ್ತ್ ಪೇಜ್ (ಆ್ಯಪ್ ಸರಿ ಇದೆಯಾ ಅಂತ ಹೇಳುವ ಪುಟ) ಕೇಳಿ. ಕರ್ಲ್‌ನ ಟೈಮ್‌ಔಟ್ ಮಾನಿಟರ್‌ನ ಟೈಮ್‌ಔಟ್‌ಗಿಂತ ಕಡಿಮೆ ಇರಲಿ. ಎಡವುವುದು ಜಾಸ್ತಿ ರಿಟರ್ನ್ ಕೋಡ್‌ನಲ್ಲಿ. ಎಲ್ಲ ಸರಿ ಇದ್ದರೆ 0, ಪ್ರೋಸೆಸ್ಸೇ ಇಲ್ಲದಿದ್ದರೆ 7, ಪ್ರೋಸೆಸ್ ಇದ್ದೂ ಉತ್ತರ ಬರದಿದ್ದರೆ 1. ಹ್ಯಾಂಗ್ ಆದಾಗಲೂ 7 ಕೊಟ್ಟರೆ, ಆ್ಯಪ್ ಆಗಲೇ ನಿಂತಿದೆ ಅಂತ ಪೇಸ್‌ಮೇಕರ್ ನಂಬಿಬಿಡುತ್ತದೆ. ಆ್ಯಪ್ ಓಡದ ನೋಡ್‌ನಲ್ಲಿ 1 ಕೊಟ್ಟರೆ, ಅಲ್ಲಿ ಇಲ್ಲದ ಆ್ಯಪ್ ಅನ್ನು ನಿಲ್ಲಿಸಲು ಹೋಗುತ್ತದೆ.

ಹೆಲ್ತ್ ಪೇಜ್‌ನಲ್ಲಿ ಡೇಟಾಬೇಸ್ ಚೆಕ್ ಬೇಡ. ಎರಡೂ ನೋಡ್‌ಗಳಿಗೆ ಡೇಟಾಬೇಸ್ ಒಂದೇ ಅಲ್ವಾ? ಅದು ಬಿದ್ದರೆ ಆ್ಯಪ್ ಅತ್ತಿಂದಿತ್ತ ಓಡಾಡುತ್ತದೆ ಅಷ್ಟೇ.

ಪ್ರಶ್ನೆ ಕೇಳಿದವರು:
ಈಗ ಹ್ಯಾಂಗ್ ಗೊತ್ತಾಗುತ್ತಿದೆ. ಆದರೆ ಅದೇ ನೋಡ್‌ನಲ್ಲಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ, ಆಚೆ ಹೋಗುತ್ತಿಲ್ಲ.

ಉತ್ತರ:
ಮೈಗ್ರೇಶನ್-ಥ್ರೆಶೋಲ್ಡ್ (ಎಷ್ಟು ಸಲ ಫೇಲ್ ಆದ ಮೇಲೆ ಆ ನೋಡ್ ಬಿಡಬೇಕು ಎಂಬ ಮಿತಿ) ಡಿಫಾಲ್ಟ್ ಆಗಿ ಇನ್ಫಿನಿಟಿ. 3 ಇಡಿ. ಜೊತೆಗೆ ಫೇಲ್ಯೂರ್-ಟೈಮ್‌ಔಟ್ (ಹಳೆಯ ಫೇಲ್ಯೂರ್‌ಗಳನ್ನು ಮರೆಯುವ ಅವಧಿ) ಕೊಡಿ. ಇಲ್ಲದಿದ್ದರೆ ನೀವು ಕ್ಲೀನಪ್ ಮಾಡುವವರೆಗೆ (ಫೇಲ್ಯೂರ್ ದಾಖಲೆ ಕೈಯಾರೆ ಅಳಿಸುವವರೆಗೆ) ಆ ನೋಡ್ ಆ್ಯಪ್‌ಗೆ ಮತ್ತೆ ಸಿಗುವುದಿಲ್ಲ. ಐಪಿ, ಆ್ಯಪ್ ಎರಡೂ ಒಟ್ಟಿಗೇ ಹೋಗುವಂತೆ ಒಂದೇ ಗ್ರೂಪ್‌ಗೆ ಹಾಕಿ.

ಇನ್ನೊಬ್ಬರು:
ಟೆಸ್ಟ್‌ಗೆ ಪ್ರೋಸೆಸ್ ಕೊಲ್ಲಬೇಡಿ, ಅದಕ್ಕೆ ಸಿಗ್‌ಸ್ಟಾಪ್ (ಪ್ರೋಸೆಸ್ ಅನ್ನು ಇದ್ದಲ್ಲೇ ತಡೆಹಿಡಿಯುವ ಸಿಗ್ನಲ್) ಕಳಿಸಿ. ಪೋರ್ಟ್ ತೆರೆದೇ ಇರುತ್ತದೆ, ಕನೆಕ್ಷನ್ ಕೂಡ ಆಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ನಿಜವಾದ ಹ್ಯಾಂಗ್ ಹೀಗೇ ಇರುತ್ತದೆ. ಈ ಸ್ಥಿತಿಯಲ್ಲಿ ಸಿಗ್‌ಟರ್ಮ್ (ಮುಗಿಸು ಅಂತ ಕೇಳುವ ಸಿಗ್ನಲ್) ಕೆಲಸ ಮಾಡುವುದಿಲ್ಲ. ಆದ್ದರಿಂದ ಏಜೆಂಟ್‌ನ ಸ್ಟಾಪ್ ಭಾಗ ಸ್ವಲ್ಪ ಕಾದು ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್) ಕೊಡಲೇಬೇಕು. ಸ್ಟಾಪ್ ಫೇಲ್ ಆದರೆ ಕ್ಲಸ್ಟರ್ ಆ ನೋಡ್ ಅನ್ನೇ ಫೆನ್ಸ್ ಮಾಡುತ್ತದೆ (ಬಲವಂತವಾಗಿ ಆಫ್ ಅಥವಾ ರೀಬೂಟ್ ಮಾಡುತ್ತದೆ). ಸ್ಟೋನಿತ್ (ಈ ಫೆನ್ಸಿಂಗ್‌ನ ಸೆಟ್ಟಿಂಗ್) ಆಫ್ ಇದ್ದರೆ ರಿಸೋರ್ಸ್ ಅಲ್ಲೇ ಬ್ಲಾಕ್ ಆಗಿ ಕೂರುತ್ತದೆ. ನಿಮ್ಮಲ್ಲಿ ಆನ್ ಇದೆಯಾ?

ಪ್ರಶ್ನೆ ಕೇಳಿದವರು:
ಆಫ್ ಇತ್ತು. ಐಪಿಎಂಐ (ಸರ್ವರ್‌ನ ಪವರ್ ಅನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ) ಮೂಲಕ ಫೆನ್ಸಿಂಗ್ ಹಾಕಿ ಆನ್ ಮಾಡಿದೆ, ಸ್ಟಾಪ್‌ಗೆ ಸಿಗ್‌ಕಿಲ್ ಸೇರಿಸಿದೆ. ಸಿಗ್‌ಸ್ಟಾಪ್ ಕೊಟ್ಟಾಗ ಮೊದಲೆರಡು ಸಲ ಅಲ್ಲೇ ರೀಸ್ಟಾರ್ಟ್, ಮೂರನೇ ಸಲ ಐಪಿ ಸಮೇತ ಇನ್ನೊಂದು ನೋಡ್‌ಗೆ ಹೋಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.