ಸಮಸ್ಯೆ: ಹಿಡಿದ ಕೊಡೆಯೊಳಗಿಂದ ಸುರಿದಿತ್ತು ಮಳೆಯು

ಸಮಸ್ಯೆ ಕೊಟ್ಟವರು: ಈ ಸಾಲು ಕೊನೆಗೆ ಬರುವಂತೆ ಮೂರು ಸಾಲು ಕಟ್ಟಿ ಪದ್ಯ ಪೂರಣ ಮಾಡಿ. ಐದೈದು ಮಾತ್ರೆಯ ಗಣಗಳ ಚೌಪದಿ, ಆದಿಪ್ರಾಸ ಡಕಾರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಡಕಾರ. ವಸ್ತು ಸೊಮಾಲಿ ಸುಲ್ತಾನರ ದಾಯಾದಿ ಮತ್ಸರ. ಪ್ರಾಸ ತಪ್ಪಿದರೆ ಒಪ್ಪುವುದಿಲ್ಲ. ಸೊಮಾಲಿಗಳ ಗಬೈ ಪದ್ಯದಲ್ಲಿ ಆದಿಯಿಂದ ಅಂತ್ಯದವರೆಗೆ ಸಾಲುಸಾಲಿಗೂ ಒಂದೇ ಅಕ್ಷರದ ಅನುಪ್ರಾಸ ಇರಬೇಕು. ಅವರ ಕಥೆ ಹೇಳುವಾಗ ನಾವು ಸಡಿಲ ಬಿಡಬಾರದು.

ಮೊದಲ ಪೂರಣ:

ಒಡೆಯನಾಗುವ ಛಲಕೆ ದಾಯಾದಿಯನು ಮಣಿಸೆ
ಕಡಲಾಚೆಯಿಂದ ಕೊಡೆ ತರಿಸಿದನು ಯೂಸುಫ
ಗಡಿಯಾಚೆಗವನನ್ನೆ ದೂಡಿತಾ ನೆರಳಯ್ಯೊ
ಹಿಡಿದ ಕೊಡೆಯೊಳಗಿಂದ ಸುರಿದಿತ್ತು ಮಳೆಯು

ಯೂಸುಫ್ ಅಲಿ ಕೆನಾದೀದ್ ಸೊಮಾಲಿಯಾದ ಈಶಾನ್ಯದ ಮಜೆರ್ತೀನ್ ರಾಜ್ಯದ ಗದ್ದುಗೆಗೆ ಕೈಹಾಕಿ ಸೋತು ಯೆಮನ್ ಸೇರಿದವನು. ಅಲ್ಲಿನ ಹದ್ರಮೌತ್ ಸೀಮೆಯ ಬಂದೂಕುಧಾರಿಗಳನ್ನು ಕಟ್ಟಿಕೊಂಡು ಮರಳಿ ಬಂದು ಸೊಮಾಲಿ ಕರಾವಳಿಯ ಹೊಬ್ಯೊದಲ್ಲಿ ತನ್ನದೇ ರಾಜ್ಯ ಕಟ್ಟಿದ. ಅತ್ತ ಮಜೆರ್ತೀನಿನ ದೊರೆ ಬೊಕೊರ್ ಉಸ್ಮಾನ್, ಇತ್ತ ವರ್‌ಶೇಖ್ ಊರಿಗಾಗಿ ಜಂಜಿಬಾರಿನ ಸುಲ್ತಾನ. ಇಬ್ಬರನ್ನೂ ಎದುರಿಸಲು ಇಟಲಿಯ ರಕ್ಷಣೆ ಬೇಡಿದ. ಅದನ್ನೇ ನಾನು ಕೊಡೆ ಎಂದಿದ್ದೇನೆ. 1903ರಲ್ಲಿ, ದಂಗೆಯೆದ್ದ ಸೊಮಾಲಿ ದರ್ವೇಶರ ಬೆನ್ನಟ್ಟಿದ ಬ್ರಿಟಿಷ್ ಸೈನ್ಯ ತನ್ನ ನೆಲದಲ್ಲಿ ಇಳಿಯಕೂಡದು ಎಂದದ್ದಕ್ಕೆ ಅದೇ ಇಟಲಿ ಅವನನ್ನೂ ಮಗ ಅಲಿ ಯೂಸುಫನನ್ನೂ ಗಡೀಪಾರು ಮಾಡಿತು.

ಎರಡನೆಯ ಪೂರಣ: ಪದ್ಯ ಸೊಗಸಾಗಿದೆ ರಾಯರೇ, ಆದರೆ ಕೊಡೆ ಹಿಡಿದವನು ಯೂಸುಫ್ ಒಬ್ಬನೇ ಅಲ್ಲ. ಅವನ ಸಹಿಯ ಮಸಿ ಆರುವ ಮೊದಲೇ, 1889ರ ಏಪ್ರಿಲಿನಲ್ಲಿ, ಬೊಕೊರ್ ಉಸ್ಮಾನನೂ ಇಟಲಿಯ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದ. ಒಬ್ಬನಿಗೆ ಸಿಕ್ಕ ಕೋವಿ ಇನ್ನೊಬ್ಬನಿಗೂ ಬೇಕಾಗಿತ್ತು. ಈ ಇಬ್ಬರನ್ನೂ ಒಂದೇ ಪದ್ಯದೊಳಗೆ ತರದಿದ್ದರೆ ಸಮಸ್ಯೆಯ ಅರ್ಧ ಹೊರಗೇ ಉಳಿಯುತ್ತದೆ.

ಹಡಗ ಬಾವುಟ ಕಂಡು ನೆಳಲೆಂದು ಬಗೆದವರು
ಒಡನೊಡನೆ ಸಹಿಯಿಟ್ಟರಿಬ್ಬರೂ ಹಗೆಗಳು
ಸಿಡಿಗುಂಡು ಬರ್ಗಾಲದಂಚಿನಲಿ ಮೊರೆದಂದು
ಹಿಡಿದ ಕೊಡೆಯೊಳಗಿಂದ ಸುರಿದಿತ್ತು ಮಳೆಯು

ಬರ್ಗಾಲ್ ಉಸ್ಮಾನನ ಕಡಲತಡಿಯ ಊರು. 1925ರಲ್ಲಿ ಇಟಲಿಯ ಫ್ಯಾಸಿಸ್ಟ್ ಗವರ್ನರ್ ದೆ ವೆಕ್ಕಿ ಎರಡೂ ರಾಜ್ಯಗಳ ಮೇಲೆ ದಂಡೆತ್ತಿದ. ಹೊಬ್ಯೊ ಆ ವರ್ಷವೇ ಬಿತ್ತು. ಉಸ್ಮಾನ್ ಮಣಿದದ್ದು 1927ರ ಕೊನೆಗೆ. ಮಗ ಹೆರ್ಸಿ ಬೊಕೊರ್ ಹೋರಾಟ ಬಿಡಲಿಲ್ಲ.

ಮೂರನೆಯ ಪೂರಣ: ಇಬ್ಬರೂ ಮಳೆ ಎಂದರೆ ಕೇಡು ಎಂದೇ ಹಿಡಿದಿದ್ದೀರಿ. ನಾನು ಕೊಡೆಯನ್ನು ಅರಸುಮನೆ ಎಂದುಕೊಂಡೆ.

ಒಡೆತನದ ಕದನದೊಳು ಕುಳಿತೊಬ್ಬ ರಾಜಸುತ
ನುಡಿಗೆ ಲಿಪಿಯನು ಕಡೆದನೆಡದಿಂದ ಬಲಕೆ
ಗುಡುಗಿಲ್ಲದಕ್ಷರದ ಹನಿಗಳವು, ತಂಪಾಗಿ
ಹಿಡಿದ ಕೊಡೆಯೊಳಗಿಂದ ಸುರಿದಿತ್ತು ಮಳೆಯು

ರಾಜಸುತ ಎಂದರೆ ಯೂಸುಫನ ಮಗ ಉಸ್ಮಾನ್ ಯೂಸುಫ್ ಕೆನಾದೀದ್, ಬೊಕೊರ್ ಉಸ್ಮಾನನಲ್ಲ. 1920ರ ದಶಕದ ಆರಂಭದಲ್ಲಿ ಸೊಮಾಲಿ ಭಾಷೆಗೆಂದೇ ಅಕ್ಷರ ರೂಪಿಸಿದವನು. ಅರಬ್ಬಿಯಂತೆ ಬಲದಿಂದಲ್ಲ, ಎಡದಿಂದ ಬರೆಯುವ ಲಿಪಿ, ಹೆಸರು ಉಸ್ಮಾನಿಯಾ. 1972ರಲ್ಲಿ ಸರಕಾರ ಲ್ಯಾಟಿನ್ ಲಿಪಿಯನ್ನು ಆರಿಸಿಕೊಂಡಿತು.

ಸಮಸ್ಯೆ ಕೊಟ್ಟವರು: ಮೂರರಲ್ಲೂ ಪ್ರಾಸ ನಿಂತಿದೆ. ಕಿವಿಗೆ ಇಂಪು ಮೊದಲನೆಯದು, ಆದರೆ ನನ್ನ ಒಲವು ಎರಡನೆಯದಕ್ಕೆ: ‘ಒಡನೊಡನೆ’ ಎಂಬಲ್ಲಿ ಹಗೆತನದ ಅವಸರವೆಲ್ಲ ಬಂದುಬಿಟ್ಟಿದೆ ತಾಯಿ. ಮೂರನೆಯವರು ಮಳೆಯ ಅರ್ಥವನ್ನೇ ತಿರುಗಿಸಿದ್ದು ನಿಜವಾದ ಪೂರಣ. ‘ಕಡೆದನೆಡದಿಂದ’ ಓದುವಾಗ ಮಾತ್ರ ನಾಲಿಗೆ ತೊಡರುತ್ತದೆ, ಒಮ್ಮೆ ತಿದ್ದಿ ನೋಡಿ. ನಾಳೆಗೆ, ಇದೇ ಕರಾವಳಿಗೆ ಹೊಂದಿಸಿ, ತಕಾರ ಪ್ರಾಸದಲ್ಲಿ:

ಸೋತವನ ಮನೆಯಲ್ಲಿ ಗೆದ್ದವನೆ ಸೆರೆಯಾಳು